ಹೊಸಬರ ಚಿತ್ರಕ್ಕೆ ಅಂಕ ಹಾಕುವುದು

ಮೂವತ್ತು ವರ್ಷ ಕೆಂಪು ಮಸಿಯ ಲೇಖನಿ ಹಿಡಿದ ಕನ್ನಡ ಪಂಡಿತನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಕಣ್ಣಿಗೆ ಮೊದಲು ಬೀಳುವುದು ತಪ್ಪು, ಉಳಿದದ್ದೆಲ್ಲ ಆಮೇಲೆ. ಮದುವೆಯ ಕರೆಯೋಲೆ ಮನೆಗೆ ಬಂದರೆ ನಾನು ಮೊದಲು ನೋಡುವುದು ಮುಹೂರ್ತವನ್ನಲ್ಲ, ಕಾಗುಣಿತವನ್ನು. ‘ಆಶೀರ್ವದಿಸಿ’ ಎಂಬಲ್ಲಿ ಒತ್ತು ತಪ್ಪಿದ್ದರೆ, ವಧೂವರರ ಹೆಸರು ಓದುವುದಕ್ಕೆ ಮುಂಚೆಯೇ ಕೈ ಜೇಬಿನತ್ತ ಹೋಗಿರುತ್ತದೆ. ಇಂಥವನನ್ನು ಸಿನಿಮಾಗಳ ತೀರ್ಪುಗಾರನಾಗಿ ಕೂರಿಸಿದರೆ ಏನಾದೀತು ಎಂಬುದನ್ನು ನೀವೇ ಊಹಿಸಬಲ್ಲಿರಿ.

ಕೆಲವು ವರ್ಷಗಳ ಹಿಂದೆ ದೊಡ್ಡಬಳ್ಳಾಪುರದ ಕಡೆಯ ಒಂದು ಸಂಸ್ಥೆಯವರು ಹಾಗೆ ಕೂರಿಸಿಯೇಬಿಟ್ಟರು. ಕಿರುಚಿತ್ರಗಳ ಸ್ಪರ್ಧೆ. ಬಂದಿದ್ದವು ಹನ್ನೊಂದು ಚಿತ್ರಗಳು. ಎಲ್ಲವೂ ನಮ್ಮ ಸುತ್ತುಮುತ್ತಲಿನ ಹುಡುಗ ಹುಡುಗಿಯರು ತಮ್ಮ ಕೈಯಿಂದಲೇ ಕಾಸು ಹಾಕಿ, ಬಹುಪಾಲು ಕೈಫೋನಿನಲ್ಲಿಯೇ ತೆಗೆದವು. ನಾವು ಮೂವರು ತೀರ್ಪುಗಾರರು. “ನೀವು ಭಾಷೆಯ ಕಡೆ ಸ್ವಲ್ಪ ಗಮನ ಕೊಟ್ಟರೆ ಸಾಕು, ಮೇಷ್ಟ್ರೇ” ಎಂದು ಹೇಳಿ, ಅಚ್ಚು ಹಾಕಿಸಿದ ಒಂದೊಂದು ಹಾಳೆಯನ್ನು ಕೈಗೆ ಕೊಟ್ಟರು. ಅದರಲ್ಲಿ ಐದು ಅಂಕಣಗಳು: ಕಥೆ, ಅಭಿನಯ, ಛಾಯಾಗ್ರಹಣ, ಸಂಕಲನ, ಧ್ವನಿ. ಒಂದೊಂದಕ್ಕೆ ಇಪ್ಪತ್ತರಂತೆ ಒಟ್ಟು ನೂರು. ಉತ್ತರಪತ್ರಿಕೆಗಳನ್ನು ತಿದ್ದಿ ತಿದ್ದಿ ಸವೆದ ಕೈಗೆ ಇದಕ್ಕಿಂತ ಪರಿಚಿತವಾದ ಹಾಳೆ ಇನ್ನೊಂದಿಲ್ಲ. ನಾನು ಸಮಾಧಾನದಿಂದ ಕುಳಿತೆ.

ಏಳನೆಯದೋ ಎಂಟನೆಯದೋ ಒಂದು ಚಿತ್ರ ಬಂದಿತು. ಹನ್ನೆರಡು ನಿಮಿಷದ್ದು. ವಿದ್ಯುತ್ ಮಗ್ಗಗಳಿರುವ ಒಂದು ಮನೆ. ದೊಡ್ಡಬಳ್ಳಾಪುರವನ್ನು ಬಲ್ಲವರಿಗೆ ಅಂಥ ಮನೆಗಳನ್ನು ವರ್ಣಿಸಬೇಕಾಗಿಲ್ಲ. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. ಒಬ್ಬ ತಾಯಿ ಕಂಡಿಕೆ ಸುತ್ತುತ್ತಾಳೆ, ಮಗ್ಗ ನೋಡಿಕೊಳ್ಳುತ್ತಾಳೆ, ನಡುನಡುವೆ ಒಲೆಯ ಬಳಿ ಹೋಗಿ ಬರುತ್ತಾಳೆ. ಕಾಲೇಜಿಗೆ ಹೋಗುವ ಮಗ ಬಂದು ಅವಳ ಹತ್ತಿರ ಏನೋ ಹೇಳುತ್ತಾನೆ. ಅವಳೂ ಏನೋ ಹೇಳುತ್ತಾಳೆ. ಅವನ ಮುಖ ಕೆಂಪಾಗುತ್ತದೆ. ಏನೆಂದರು? ಒಂದು ಅಕ್ಷರವೂ ಕೇಳಿಸಲಿಲ್ಲ. ಮಗ್ಗದ ಶಬ್ದ ಎಲ್ಲವನ್ನೂ ನುಂಗಿಬಿಟ್ಟಿತ್ತು. ಕೊನೆಗೆ ಕರೆಂಟು ಹೋಗುತ್ತದೆ, ಮಗ್ಗ ನಿಲ್ಲುತ್ತದೆ, ಮನೆಯೆಲ್ಲ ನಿಶ್ಶಬ್ದವಾಗುತ್ತದೆ. ಈಗಲಾದರೂ ಮಾತನಾಡುತ್ತಾರೆ ಎಂದು ನಾನು ಕಾದೆ. ತಾಯಿ ಮಗನ ಮುಖ ನೋಡುತ್ತಾಳೆ, ಮಗ ತಾಯಿಯ ಮುಖ ನೋಡುತ್ತಾನೆ. ಯಾರೂ ಮಾತನಾಡುವುದಿಲ್ಲ. ಕರೆಂಟು ಬರುತ್ತದೆ. ಚಿತ್ರ ಮುಗಿಯುತ್ತದೆ.

ನಾನು ‘ಧ್ವನಿ’ ಎಂಬ ಅಂಕಣದಲ್ಲಿ ಇಪ್ಪತ್ತಕ್ಕೆ ನಾಲ್ಕು ಹಾಕಿದೆ. ಪಕ್ಕದಲ್ಲಿ ‘ಮಾತು ಅಸ್ಪಷ್ಟ’ ಎಂದು ಷರಾ ಬರೆದೆ. ಕೆರೆಗಳನ್ನು ಉಳಿಸಬೇಕೆಂದು ಸಾರುವ ಮತ್ತೊಂದು ಚಿತ್ರದಲ್ಲಿ ಒಬ್ಬ ಹುಡುಗಿ ನಾಲ್ಕು ನಿಮಿಷ ಶುದ್ಧವಾದ ಕನ್ನಡದಲ್ಲಿ ಭಾಷಣ ಮಾಡಿದಳು. ಒಂದು ಅಲ್ಪಪ್ರಾಣ, ಒಂದು ಮಹಾಪ್ರಾಣ ಹೆಚ್ಚು ಕಡಮೆಯಾಗಲಿಲ್ಲ. ಅವಳಿಗೆ ಹದಿನೆಂಟು. ಮಗ್ಗದ ಚಿತ್ರಕ್ಕೆ ಮೂರು ಅಂಕಗಳಿಂದ ಬಹುಮಾನ ತಪ್ಪಿಹೋಯಿತು.

ಬಹುಮಾನ ಕೊಟ್ಟಾದ ಮೇಲೆ ಅಂಗಳದಲ್ಲಿ ಕಾಫಿ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಮುದುಕರು, ಯಾರದೋ ಅಜ್ಜ, ಲೋಟ ಹಿಡಿದುಕೊಂಡು ಹತ್ತಿರ ಬಂದರು. ಅರವತ್ತು ವರ್ಷ ಮಗ್ಗದ ಮುಂದೆ ಕುಳಿತವರಂತೆ. “ಮೇಷ್ಟ್ರೇ, ಆ ಮಗ್ಗದ ಮನೇದು ಚೆನ್ನಾಗಿತ್ತಲ್ವಾ?” ಎಂದರು. ಚೆನ್ನಾಗಿತ್ತು, ಆದರೆ ಮಾತೇ ಕೇಳಿಸಲಿಲ್ಲವಲ್ಲ ಎಂದೆ. ಅವರು ನಕ್ಕರು. “ಮಗ್ಗದ ಮನೇಲಿ ಮಾತು ಎಲ್ಲಿ ಕೇಳ್ಸುತ್ತೆ? ನಾವು ಕೈಸನ್ನೆ, ಕಣ್ಸನ್ನೇಲೇ ಬದುಕೋದು. ಕರೆಂಟ್ ಹೋದಾಗ್ಲೇ ನೋಡಿ ಕಷ್ಟ. ಆಗ ಮಾತಾಡ್ಬೇಕಾಗುತ್ತೆ. ಅದಕ್ಕೇ ಅವ್ರಿಬ್ರೂ ಸುಮ್ನಾಗಿದ್ದು.”

ನನಗೆ ಕಾಫಿ ಗಂಟಲಿನಿಂದ ಇಳಿಯಲಿಲ್ಲ.

ಧ್ವನಿ ಎಂಬ ಶಬ್ದವನ್ನು ನಾನು ಪಂಡಿತ ಪರೀಕ್ಷೆಗೆ ಓದಿದ್ದು ಯಾವ ಅರ್ಥದಲ್ಲಿ? ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಒಂದು ಗ್ರಂಥವನ್ನೇ ಅದಕ್ಕಾಗಿ ಬರೆದ. ಹೇಳಿದ ಮಾತಿನಲ್ಲಿ ಇಲ್ಲದೆ, ಹೇಳದೆ ಉಳಿದದ್ದರಲ್ಲಿ ಹೊಳೆಯತಕ್ಕ ಅರ್ಥವೇ ಧ್ವನಿ. ಅದೇ ಕಾವ್ಯದ ಆತ್ಮ ಎಂದ. ಇದನ್ನು ಎಷ್ಟೋ ಮಕ್ಕಳಿಗೆ ನಾನು ವಿವರಿಸಿದ್ದೇನೆ, ಉದಾಹರಣೆ ಕೊಟ್ಟಿದ್ದೇನೆ, ಟಿಪ್ಪಣಿ ಬರೆಸಿದ್ದೇನೆ. ಕಣ್ಣೆದುರಿಗೆ ಧ್ವನಿಯೇ ಬಂದು ನಿಂತಾಗ ಅದಕ್ಕೆ ಇಪ್ಪತ್ತಕ್ಕೆ ನಾಲ್ಕು ಹಾಕಿದೆ. ಓದದೆ ಬಂದ ಅಜ್ಜನಿಗೆ ತಿಳಿದದ್ದು ಓದಿ ಬಂದವನಿಗೆ ತಿಳಿಯಲಿಲ್ಲ. ನಮ್ಮ ಶ್ರೀವಿಜಯ ಸಾವಿರದ ನೂರು ವರ್ಷಗಳಿಗೂ ಹಿಂದೆ, ಕವಿರಾಜಮಾರ್ಗದಲ್ಲಿ, ಕನ್ನಡ ನಾಡಿನ ಜನ ಪಟ್ಟಾಗಿ ಓದದಿದ್ದರೂ ಕಾವ್ಯದ ಮರ್ಮ ಬಲ್ಲವರು ಎಂಬ ಅಭಿಪ್ರಾಯ ಕೊಟ್ಟಿದ್ದಾನೆ. ಅದು ನಾಡಿನ ಹೊಗಳಿಕೆ ಎಂದು ನಾವು ರಾಜ್ಯೋತ್ಸವದ ಭಾಷಣಗಳಲ್ಲಿ ಬಳಸಿಕೊಳ್ಳುತ್ತೇವೆ. ಅದರಲ್ಲಿ ಪಂಡಿತರಿಗೊಂದು ಎಚ್ಚರಿಕೆಯೂ ಉಂಟೆಂದು ನನಗೆ ತೋರಿದ್ದು ಆ ಸಂಜೆ.

ಇದು ಒಬ್ಬ ಅಜ್ಜನ ಮಾತಲ್ಲ. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ನೀನಾಸಮ್‌ನವರು 1973ರಲ್ಲಿ ಚಿತ್ರಸಮಾಜವೊಂದನ್ನು ಕಟ್ಟಿದರು. ಕೆ. ವಿ. ಸುಬ್ಬಣ್ಣನವರ ಸಾಹಸ. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ, ಅಡಕೆ ತೋಟಗಳ ನಡುವಿನ ಆ ಹಳ್ಳಿಯಲ್ಲಿ, ಸತ್ಯಜಿತ್ ರಾಯ್ ಅವರ ‘ಪಥೇರ್ ಪಾಂಚಾಲಿ’ಯ ಜೊತೆಗೆ ಜಪಾನಿನ ‘ರಾಶೋಮನ್’ ಚಿತ್ರವನ್ನೂ ಜನಕ್ಕೆ ತೋರಿಸಿದರು. ಭಾಷೆ ಜಪಾನೀ. ಕಥೆಯೋ, ಒಂದು ಕೊಲೆಯನ್ನು ನಾಲ್ಕು ಮಂದಿ ನಾಲ್ಕು ಬಗೆಯಾಗಿ ಹೇಳತಕ್ಕದ್ದು. ನಿಜ ಯಾವುದೆಂದು ಕೊನೆಗೂ ಗಂಟು ಬಿಡಿಸಿ ಕೊಡುವುದಿಲ್ಲ. ಹಳ್ಳಿಯವರಿಗೆ ಇದೆಲ್ಲ ಹೇಗೆ ಅರ್ಥವಾದೀತು ಎಂದು ಪೇಟೆಯವರು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಗದ್ದೆಯ ಬದುವಿನ ಜಗಳಕ್ಕೆ ಪಂಚಾಯಿತಿ ಸೇರಿದಾಗ ನಾಲ್ವರು ಸಾಕ್ಷಿಗಳ ನಾಲ್ಕು ಕಥೆ ಕೇಳಿ ಬಂದವರಿಗೆ ರಾಶೋಮನ್ ಹೊಸತೇನೂ ಅಲ್ಲ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ನಾಡು ಹೆಗ್ಗೋಡಿನ ನಾಟಕವನ್ನು ಹೊಗಳಿತು. ಹೆಗ್ಗೋಡಿನ ಪ್ರೇಕ್ಷಕನನ್ನೂ ಅಷ್ಟೇ ಹೊಗಳಬೇಕಾಗಿತ್ತು.

ರಾಶೋಮನ್ನಿನ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಅಕಿರಾ ಕುರೊಸಾವಾ ಅದನ್ನು 1950ರಲ್ಲಿ ತೆಗೆದಾಗ ಹಣ ಹೂಡಿದ ಸ್ಟುಡಿಯೋದ ಯಜಮಾನರಿಗೇ ಅದು ಅರ್ಥವಾಗಲಿಲ್ಲ. ಜಪಾನಿನಲ್ಲಿದ್ದ ಇಟಲಿಯ ಒಬ್ಬ ವಿದುಷಿ ಮೆಚ್ಚಿ ಒತ್ತಾಯಿಸಿದ್ದರಿಂದ ಅದು ವೆನಿಸ್ಸಿನ ಉತ್ಸವಕ್ಕೆ ಹೋಯಿತು. 1951ರಲ್ಲಿ ಚಿನ್ನದ ಸಿಂಹವನ್ನು ಗೆದ್ದಿತು. ಚಿತ್ರ ಹೋಗಿರುವುದೇ ಕುರೊಸಾವಾ ಅವರಿಗೆ ಗೊತ್ತಿರಲಿಲ್ಲ. ಮೀನು ಹಿಡಿಯಲು ಹೋಗಿ ಮನೆಗೆ ಹಿಂದಿರುಗಿದಾಗ ಹೆಂಡತಿ ಸುದ್ದಿ ಹೇಳಿದರಂತೆ. ಅವರೇನೂ ಆಗ ಹೊಸಬರಲ್ಲ. ಪಳಗಿದ ಕೈಯ ಪಾಡೇ ಇದಾದರೆ, ಹೊಸಬರ ಪಾಡೇನು?

ಅದೇ ಜಪಾನಿನಲ್ಲಿ ಹೊಸಬರಿಗಾಗಿ ನಡೆಯುವ ಒಂದು ಉತ್ಸವವುಂಟು. ‘ಪಿಯಾ’ ಎಂಬುದು ತೋಕಿಯೋ ನಗರದ ಒಂದು ಪತ್ರಿಕೆಯಾಗಿತ್ತು. ಆ ಹೆಸರಿನಲ್ಲಿ 1977ರಲ್ಲಿ ಆರಂಭವಾದ ಉತ್ಸವ ಇದು. ಸ್ಟುಡಿಯೋಗಳ ಹಂಗಿಲ್ಲದೆ ತಾವೇ ತೆಗೆದ ಚಿತ್ರಗಳಿಗೆ ಅಲ್ಲಿ ‘ಜಿಶು ಎಯಿಗಾ’ ಎನ್ನುತ್ತಾರೆ; ನಮ್ಮ ಮಾತಿನಲ್ಲಿ ಸ್ವಂತ ಚಿತ್ರ ಎನ್ನಬಹುದು. ಮೊದಮೊದಲು ಎಂಟು ಮಿಲಿಮೀಟರಿನ ಪುಟ್ಟ ಸುರುಳಿಗಳಲ್ಲಿ ತೆಗೆದು ತಂದವರಲ್ಲಿ ಕಿಯೋಶಿ ಕುರೊಸಾವಾ (ಹೆಸರೊಂದೇ, ಅಕಿರಾ ಅವರ ಬಂಧುವಲ್ಲ), ಶಿನ್ಯಾ ತ್ಸುಕಾಮೋತೊ ಮೊದಲಾದವರು ಮುಂದೆ ಜಗತ್ತಿಗೆ ಪರಿಚಿತರಾದರು. ಅಲ್ಲಿಯ ಆಯ್ಕೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದು: ಬಂದ ಪ್ರತಿ ಚಿತ್ರವನ್ನೂ ಒಬ್ಬರಿಗಿಂತ ಹೆಚ್ಚು ಮಂದಿ ನೋಡುತ್ತಾರೆ, ನಡುವೆ ನಿಲ್ಲಿಸದೆ ಕೊನೆಯವರೆಗೆ ನೋಡುತ್ತಾರೆ. ಇದೇನು ಮಹಾ ಎನ್ನಬೇಡಿ. ಇನ್ನೂರು ಉತ್ತರಪತ್ರಿಕೆಗಳನ್ನು ತಿದ್ದಲು ಕುಳಿತವನನ್ನು ಕೇಳಿ. ಮೊದಲ ಪುಟದಲ್ಲಿಯೇ ಹುಡುಗನ ಯೋಗ್ಯತೆಯನ್ನು ನಿರ್ಣಯಿಸಿ, ಉಳಿದ ಪುಟಗಳನ್ನು ಮಗುಚಿ ಹಾಕುವ ಆಸೆ ಎಂಥ ಧರ್ಮಾತ್ಮನಿಗೂ ಬರುತ್ತದೆ.

ನಡುವೆ ನಿಲ್ಲಿಸಿದರೆ ಏನು ಕಳೆದುಹೋಗುತ್ತದೆ ಎಂಬುದಕ್ಕೆ ಜಪಾನಿನದೇ ಒಂದು ನಿದರ್ಶನ ಕೊಡುತ್ತೇನೆ. ಶಿನ್‌ಇಚಿರೊ ಉಏದಾ ಎಂಬ ಹೊಸ ನಿರ್ದೇಶಕ ತೋಕಿಯೋದ ಒಂದು ನಟನ ಶಾಲೆಯ ಕಾರ್ಯಾಗಾರದಲ್ಲಿ, ಸುಮಾರು ಮೂವತ್ತು ಲಕ್ಷ ಯೆನ್ ವೆಚ್ಚದಲ್ಲಿ ತೆಗೆದ ಚಿತ್ರ. ನಮ್ಮ ರೂಪಾಯಿಯಲ್ಲಿ ಇಪ್ಪತ್ತು ಲಕ್ಷವನ್ನೂ ಮುಟ್ಟುವುದಿಲ್ಲ. ಜಪಾನೀ ಹೆಸರಿನ ಅರ್ಥ ‘ಕ್ಯಾಮೆರಾ ನಿಲ್ಲಿಸಬೇಡ’ ಎಂದು. ನಡೆದಾಡುವ ಹೆಣಗಳ ಕಥೆ. ನನ್ನಂಥವನು ಹುಡುಕಿಕೊಂಡು ಹೋಗುವ ಪೈಕಿಯಲ್ಲ. ಹಳೆಯ ವಿದ್ಯಾರ್ಥಿಯೊಬ್ಬ ಬಲವಂತವಾಗಿ ತೋರಿಸಿದ. ಮೊದಲ ಮೂವತ್ತೇಳು ನಿಮಿಷ ಒಂದೇ ಉಸಿರಿನಲ್ಲಿ, ಎಲ್ಲಿಯೂ ಕತ್ತರಿಸದೆ ತೆಗೆದ ದೃಶ್ಯ. ಎಷ್ಟು ಕೆಟ್ಟದಾಗಿದೆ ಎನ್ನುತ್ತೀರಿ! ಪಾತ್ರಗಳು ಕಾರಣವಿಲ್ಲದೆ ಮೌನವಾಗಿ ನಿಲ್ಲುತ್ತವೆ. ಹೊಂದದ ಹರಟೆ ಹೊಡೆಯುತ್ತವೆ. ಕ್ಯಾಮೆರಾ ನೆಲಕ್ಕೆ ಬಿದ್ದು ಸುಮ್ಮನೆ ಮಲಗಿರುತ್ತದೆ. ಒಬ್ಬ ಇದ್ದಕ್ಕಿದ್ದಂತೆ ಎದ್ದು ಹೊರಗೆ ಓಡುತ್ತಾನೆ. ನನ್ನ ಕೈಯಲ್ಲಿ ಆ ಹಾಳೆ ಇದ್ದಿದ್ದರೆ ನೂರಕ್ಕೆ ಹನ್ನೆರಡು ಹಾಕಿ ಎದ್ದುಬಿಡುತ್ತಿದ್ದೆ. ಆಮೇಲೆ ಕಥೆ ಹಿಂದಕ್ಕೆ ಹೋಗುತ್ತದೆ. ಆ ಮೂವತ್ತೇಳು ನಿಮಿಷವನ್ನು ತೆಗೆದ ಬಡಪಾಯಿ ತಂಡದ ಪಾಡು ಕಾಣುತ್ತದೆ. ಒಬ್ಬ ನಟ ಕುಡಿದು ಬಿದ್ದಿದ್ದ, ಇನ್ನೊಬ್ಬನಿಗೆ ಹೊಟ್ಟೆ ಕೆಟ್ಟಿತ್ತು, ಕ್ಯಾಮೆರಾದವನಿಗೆ ಸೊಂಟ ಹಿಡಿದುಕೊಂಡಿತ್ತು. ಮುಂಚೆ ನಾವು ತಪ್ಪು ಎಂದು ಗುರುತು ಹಾಕಿದ್ದೆಲ್ಲ ಒಂದೊಂದಾಗಿ ಬೆಳಗುತ್ತವೆ. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. 2018ರ ಜೂನಿನಲ್ಲಿ ತೋಕಿಯೋದ ಎರಡೇ ಚಿತ್ರಮಂದಿರಗಳಲ್ಲಿ ಬಿಡುಗಡೆಯಾದ ಈ ಚಿತ್ರ ಆಮೇಲೆ ದೇಶದ ನೂರಾರು ಮಂದಿರಗಳಿಗೆ ಹಬ್ಬಿತು.

ಇದನ್ನು ನೋಡಿದ ರಾತ್ರಿ ನನಗೆ ದಂಡಿ ನೆನಪಾದ. ಶ್ರೀವಿಜಯ ಯಾರ ಕಾವ್ಯಾದರ್ಶವನ್ನು ಅಷ್ಟೊಂದು ಅನುಸರಿಸಿದನೋ ಅದೇ ದಂಡಿ. ಕಾವ್ಯದೋಷಗಳನ್ನು ವಿವರಿಸುತ್ತ, ಅರ್ಥಕ್ಕೆ ಅರ್ಥ ಕೂಡದ ಮಾತು ದೋಷ, ಆದರೆ ಹುಚ್ಚರೂ ಕುಡಿದವರೂ ಮಕ್ಕಳೂ ಆಡಿದಾಗ ದೋಷವಲ್ಲ ಎನ್ನುತ್ತಾನೆ. ಕುಡಿದ ನಟನನ್ನು ಆತ ಸಾವಿರದ ಮುನ್ನೂರು ವರ್ಷ ಮುಂಚೆಯೇ ಕ್ಷಮಿಸಿಬಿಟ್ಟಿದ್ದ! ದೋಷವೆಂಬುದು ಮಾತಿನಲ್ಲಿಲ್ಲ, ಮಾತು ಕುಳಿತ ಜಾಗದಲ್ಲಿದೆ. ಮಗ್ಗದ ಶಬ್ದವೂ ಹಾಗೆಯೇ.

ನಮ್ಮ ಕನ್ನಡದ ಮಟ್ಟಿಗೆ ಹೊಸಬರ ಲೆಕ್ಕ ಹೇಗಿದೆ, ನೋಡೋಣ. 1970ರಲ್ಲಿ ‘ಸಂಸ್ಕಾರ’ ಬಂದಿತು. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನದ ಮೊದಲ ಚಿತ್ರ. ಪ್ರಾಣೇಶಾಚಾರ್ಯನಾಗಿ ಗಿರೀಶ ಕಾರ್ನಾಡರು, ನಾರಣಪ್ಪನಾಗಿ ಲಂಕೇಶರು, ಕ್ಯಾಮೆರಾದ ಹಿಂದೆ ಆಸ್ಟ್ರೇಲಿಯಾದ ಟಾಮ್ ಕೋವನ್. ಸೆನ್ಸಾರಿನವರು ಮೊದಲು ಅದಕ್ಕೆ ಬಾಗಿಲು ಹಾಕಿದರು. ಬಾಗಿಲು ತೆರೆದ ಮೇಲೆ ಅದೇ ವರ್ಷದ ಅತ್ಯುತ್ತಮ ಭಾರತೀಯ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂದಿತು. ಒಂದೇ ಚಿತ್ರ; ಒಂದು ಮೇಜಿನ ಮೇಲೆ ಅಪಾಯ, ಇನ್ನೊಂದು ಮೇಜಿನ ಮೇಲೆ ಪ್ರಶಸ್ತಿ. 1977ರಲ್ಲಿ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಅವರಿಗೆ ಆಗ ಇಪ್ಪತ್ತಾರು ವರ್ಷ. ಮೊದಲನೆಯ ಚಿತ್ರಕ್ಕೇ ಸ್ವರ್ಣಕಮಲ. ಬಿಳುಪು ಕಪ್ಪಿನ ಆ ಚಿತ್ರದಲ್ಲಿ ನಾಣಿ ಎಂಬ ಪುಟ್ಟ ಹುಡುಗ ಯಮುನಕ್ಕನನ್ನು ಸುಮ್ಮನೆ ನೋಡುತ್ತಾನಷ್ಟೆ. ಅವನಿಗೆ ಅರ್ಥವಾಗದ್ದು ನಮಗೆ ಅರ್ಥವಾಗಿ ಕರುಳು ಹಿಂಡುತ್ತದೆ. 2024ರಲ್ಲಿ ಅದರ ಹಳೆಯ ಪ್ರತಿಯನ್ನು ದುರಸ್ತಿ ಮಾಡಿ ವೆನಿಸ್ಸಿನಲ್ಲಿ ಮತ್ತೆ ತೋರಿಸಿದರು.

ನನಗೆ ನಿಜವಾದ ಪರೀಕ್ಷೆ ಒಡ್ಡಿದ್ದು ‘ತಿಥಿ’. ರಾಮ್ ರೆಡ್ಡಿ ಎಂಬ ತರುಣನ ಮೊದಲ ದೊಡ್ಡ ಚಿತ್ರ. ಕಥೆಯನ್ನು ಈರೇಗೌಡರೊಡನೆ ಕೂಡಿ ಬರೆದದ್ದು. ಮಂಡ್ಯ ಜಿಲ್ಲೆಯ ಹಳ್ಳಿಯ ಜನರೇ, ಹಿಂದೆಂದೂ ಬಣ್ಣ ಹಚ್ಚದವರೇ, ಅದರ ನಟರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊದಲ್ಲಿ ಹೊಸ ನಿರ್ದೇಶಕರ ವಿಭಾಗದ ಚಿನ್ನದ ಚಿರತೆ ಅದಕ್ಕೆ ಸಿಕ್ಕಿತು. ಅದರಲ್ಲಿ ಗಡ್ಡಪ್ಪ ಆಡುವ ಭಾಷೆಯನ್ನು ನನ್ನ ತರಗತಿಯಲ್ಲಿ ಯಾರಾದರೂ ಬರೆದಿದ್ದರೆ ಹಾಳೆಯೆಲ್ಲ ಕೆಂಪಾಗುತ್ತಿತ್ತು. ಬೈಗುಳಗಳ ಮಾತು ಹಾಗಿರಲಿ. ಆದರೆ ಬೀಡಿ ಸೇದುತ್ತ, ಆಸ್ತಿಯ ಹಂಗಿಲ್ಲದೆ ಹೊಲದ ನಡುವೆ ನಡೆದುಹೋಗುವ ಆ ಮುದುಕನ ಬಾಯಲ್ಲಿ ಪಠ್ಯಪುಸ್ತಕದ ಕನ್ನಡವನ್ನು ಇಟ್ಟು ನೋಡಿ; ಮುದುಕ ಅಲ್ಲಿಯೇ ಸಾಯುತ್ತಾನೆ. 2022ರಲ್ಲಿ ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಹೊಸಬರಿಗೆ ಮೀಸಲಾದ ಪ್ರಶಸ್ತಿಯನ್ನು ಜೈಶಂಕರ್ ಆರ್ಯರ್ ಅವರ ‘ಶಿವಮ್ಮ ಯರೇಹಂಚಿನಾಳ’ ಗೆದ್ದಿತು. ಕೊಪ್ಪಳ ಜಿಲ್ಲೆಯ ಹಳ್ಳಿ. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವ ಹೆಂಗಸು. ಇಲ್ಲಿಯೂ ಆ ಊರಿನ ಮಾತೇ ಜೀವ.

ಇವುಗಳನ್ನೆಲ್ಲ ಹೇಳುವಾಗ ಒಂದು ಸಂಕೋಚವೂ ಆಗುತ್ತದೆ. ವೆನಿಸ್, ಲೊಕಾರ್ನೊ, ಬುಸಾನ್ ಎಂದು ನಾನು ಎಣಿಸುತ್ತಿದ್ದೇನಲ್ಲ, ಹೊರಗಿನವರು ತಲೆದೂಗಿದ ಮೇಲೆ ತಲೆದೂಗುವುದು ಯಾವ ಮಹಾ ವಿಮರ್ಶೆ? ದೊಡ್ಡಬಳ್ಳಾಪುರದ ಮಗ್ಗದ ಚಿತ್ರ ಯಾವ ಊರಿಗೂ ಹೋಗಲಿಲ್ಲ. ಅದನ್ನು ಅಳೆಯಬೇಕಾಗಿದ್ದವರು ನಾವು ಮೂವರೇ.

ಹಾಗಾದರೆ ಹೊಸಬರು ತಂದದ್ದನ್ನೆಲ್ಲ ಹೊಗಳಬೇಕೆ? ಖಂಡಿತ ಇಲ್ಲ. ‘ಪಾಪ, ಹೊಸ ಹುಡುಗರು’ ಎಂದು ಐದು ಅಂಕ ಕೃಪೆಯಾಗಿ ಕೊಡುವುದು ಅವರಿಗೆ ಮಾಡುವ ಅವಮಾನ. ಅದೇ ಸ್ಪರ್ಧೆಯಲ್ಲಿ ನಂದಿಬೆಟ್ಟದ ಮೇಲೆ ತೆಗೆದ ಒಂದು ಪ್ರೇಮಕಥೆಯೂ ಇತ್ತು. ಅಲ್ಲಿಯೂ ಮಾತು ಕೇಳಿಸಲಿಲ್ಲ, ಗಾಳಿ ಹೊಡೆಯುತ್ತಿತ್ತು. ಆದರೆ ಅಲ್ಲಿ ಗಾಳಿ ಬಂದದ್ದು ಯಾರೂ ಗಮನಿಸದೆ ಇದ್ದದ್ದರಿಂದ. ಹುಡುಗ ಹುಡುಗಿ ಮುಖ್ಯವಾದ ಮಾತನ್ನು ಆಡುತ್ತಲೇ ಇದ್ದರು, ನಾವು ಕೇಳಬೇಕೆಂದೇ ಆಡುತ್ತಿದ್ದರು. ಮಗ್ಗದ ಹುಡುಗನಾದರೋ ಶಬ್ದವನ್ನು ಎಲ್ಲಿ ನಿಲ್ಲಿಸಬೇಕೆಂದು ಬಲ್ಲವನಾಗಿದ್ದ. ಎರಡಕ್ಕೂ ನಾನು ಹಾಕಿದ್ದು ನಾಲ್ಕೇ ಅಂಕ. ಇವೆರಡರ ಭೇದವನ್ನು ಕಾಣುವುದಕ್ಕಾಗಿಯೇ ತೀರ್ಪುಗಾರ ಬೇಕು. ಶಬ್ದವನ್ನು ಅಳೆಯುವುದಕ್ಕೆ ಯಂತ್ರ ಸಾಕಲ್ಲ! ಆ ಭೇದ ತಿಳಿಯಬೇಕಾದರೆ ಇಡೀ ಚಿತ್ರ ಮುಗಿಯುವವರೆಗೆ ಲೇಖನಿಯನ್ನು ಮುಟ್ಟಬಾರದು. ನಾನೋ, ಮೂರನೆಯ ನಿಮಿಷಕ್ಕೇ ನಾಲ್ಕು ಬರೆದಾಗಿತ್ತು. ಕರೆಂಟು ಹೋದದ್ದು ಹತ್ತನೆಯ ನಿಮಿಷದಲ್ಲಿ.

ಎರಡು ತಿಂಗಳಾದ ಮೇಲೆ ಆ ಹುಡುಗ ಬಸ್ ನಿಲ್ದಾಣದ ಬಳಿ ಸಿಕ್ಕಿದ. ನಾನೇ ಕರೆದು ನಿಲ್ಲಿಸಿದೆ. ಮೇಷ್ಟರಾದವರು ವಿದ್ಯಾರ್ಥಿಯ ವಯಸ್ಸಿನವನ ಮುಂದೆ ತಪ್ಪೊಪ್ಪಿಕೊಳ್ಳುವುದು ಸುಲಭವಲ್ಲ. ಎರಡು ಸಲ ಗಂಟಲು ಸರಿಮಾಡಿಕೊಂಡೆ. “ನಿನ್ನ ಚಿತ್ರಕ್ಕೆ ನಾನು ಅಂಕ ಹಾಕಿದ್ದು ಸರಿಯಲ್ಲ ಕಣಪ್ಪ” ಎಂದೆ. ಅವನು ಬಹಳ ವಿನಯದಿಂದ, “ಪರವಾಗಿಲ್ಲ ಸಾರ್, ನಮ್ಮಮ್ಮನೂ ಅದೇ ಹೇಳಿದ್ರು. ಮಾತು ಕೇಳ್ಸೋ ಹಾಗೆ ಮಾಡಿದ್ರೆ ಗೆಲ್ತಿದ್ದೆ ಅಂತ. ಈಗ ಮಾತೆಲ್ಲ ಬೇರೆ ರೆಕಾರ್ಡ್ ಮಾಡಿ ಸೇರಿಸ್ತಿದೀನಿ, ಮಗ್ಗದ ಸದ್ದು ಕಮ್ಮಿ ಮಾಡ್ಬಿಟ್ಟೆ” ಎಂದ.

ಒಂದು ಬಹುಮಾನ ತಪ್ಪಿದ್ದಕ್ಕೆ ನನಗೆ ಅಷ್ಟು ಸಂಕಟವಾಗಿರಲಿಲ್ಲ. ಮೂರು ಸಾವಿರ ರೂಪಾಯಿ, ಒಂದು ಫಲಕ. ಆದರೆ ನನ್ನ ನಾಲ್ಕು ಅಂಕ ಅವನಿಗೆ ಪಾಠ ಕಲಿಸಿಬಿಟ್ಟಿತ್ತು. ಅವನ ಚಿತ್ರದ ಉಸಿರನ್ನು ಅವನ ಕೈಯಿಂದಲೇ ತೆಗೆಸುತ್ತಿತ್ತು. ಹಾಗೆ ಮಾಡಬೇಡ, ಹಳೆಯದನ್ನು ಅಳಿಸಬೇಡ ಎಂದು ಅಲ್ಲಿಯೇ, ಬಸ್ಸುಗಳ ಸದ್ದಿನಲ್ಲಿ, ಕೂಗಿ ಕೂಗಿ ಹೇಳಿದೆ. ಹೇಳಿದ್ದು ಅವನಿಗೆ ಎಷ್ಟು ಕೇಳಿಸಿತೋ. ನಕ್ಕು, “ಮುಂದಿನ ಸಲಾನೂ ನೀವೇ ಅಲ್ವಾ ಸಾರ್ ಜಡ್ಜು?” ಎಂದು ಕೇಳಿ ಬಸ್ಸು ಹತ್ತಿದ.

ಈ ವರ್ಷ ಮತ್ತೆ ಕರೆದಿದ್ದಾರೆ. ನಾನು ಎರಡು ಮಾತು ಕೇಳಿಕೊಂಡಿದ್ದೇನೆ. ಆ ಮಗ್ಗದ ಅಜ್ಜನವರನ್ನು ನಾಲ್ಕನೆಯ ತೀರ್ಪುಗಾರರಾಗಿ ಕೂರಿಸಬೇಕು. ಹಾಳೆಯಲ್ಲಿ ‘ಧ್ವನಿ’ ಎಂಬ ಅಂಕಣವನ್ನು ತೆಗೆದುಹಾಕಬೇಕು. ಅಜ್ಜನವರು ಒಪ್ಪಿದ್ದಾರೆ. ಅಂಕಣದ ಇಪ್ಪತ್ತು ಅಂಕಗಳನ್ನು ಎಲ್ಲಿ ಸೇರಿಸುವುದು ಎಂದು ಸಂಸ್ಥೆಯವರು ದಿನವೂ ಫೋನು ಮಾಡಿ ಕೇಳುತ್ತಿದ್ದಾರೆ.